ಶುಗರ್‌ಲೆಸ್ ಶೂರರು

ಬೆಂಗಳೂರಿನ ಯಾವ ದರ್ಶಿನಿಗಾದರೂ ಬೆಳಗ್ಗೆ ಹೋಗಿ ನೋಡಿ. "ಒಂದು ಕಾಫಿ, ಶುಗರ್‌ಲೆಸ್ಸು!" ಎಂದು ಇಡೀ ಹೋಟೆಲಿಗೆ ಕೇಳಿಸುವಂತೆ ಕೂಗಿದವರ ಕೈಯಲ್ಲಿ ಚೌಚೌ ಬಾತಿನ ತಟ್ಟೆ ಇರುತ್ತದೆ. ಒಂದು ಪಕ್ಕ ಖಾರಾಬಾತು, ಇನ್ನೊಂದು ಪಕ್ಕ ತುಪ್ಪ ಒಸರುವ ಕೇಸರಿಬಾತು. ಕೇಳಿದರೆ, "ಕಾಫೀಲಿ ಉಳಿಸಿದ್ದನ್ನ ಇಲ್ಲಿ ಖರ್ಚು ಮಾಡ್ತಾ ಇದೀನಿ" ಅನ್ನುತ್ತಾರೆ. ಉಳಿದದ್ದು ಒಂದು ಚಮಚ. ಖರ್ಚೆಷ್ಟು ಎಂದು ಕೇಳಬೇಡಿ. ಸರ್ಕಾರದ ಬಜೆಟ್ಟೂ ಹೀಗೇ ನಡೆಯುತ್ತದೆ.

ಇವರನ್ನು ಬಾಯಿತುಂಬ ಆಡಿಕೊಳ್ಳೋಣವೆಂದರೆ ಬಳಗ ಬಹಳ ದೊಡ್ಡದು. ಐಸಿಎಂಆರ್ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ಯಾರ ಮನೆಯಲ್ಲಿ ಇಲ್ಲ ಹೇಳಿ? ನಮ್ಮಲ್ಲಿ ಆ ಸ್ಥಾನವನ್ನು ಭಾವನವರು ಅಲಂಕರಿಸಿದ್ದಾರೆ.

ಭಾವನವರು ಮೊದಲು ಮಾಡಿದ ಕೆಲಸ ಮನೆಯ ಸಕ್ಕರೆ ಡಬ್ಬಿಯನ್ನು ಗಡೀಪಾರು ಮಾಡಿದ್ದು. ಅದರ ಜಾಗಕ್ಕೆ ಬೆಲ್ಲ ಬಂತು. "ಇದು ನ್ಯಾಚುರಲ್ಲು ಕಣಯ್ಯಾ, ಏನೂ ಮಾಡಲ್ಲ." ಅದೇ ಕಬ್ಬಿನ ಹಾಲು ಆಲೆಮನೆಗೆ ಹೋದರೆ ಬೆಲ್ಲ, ಕಾರ್ಖಾನೆಗೆ ಹೋದರೆ ಸಕ್ಕರೆ. ಎರಡರಲ್ಲೂ ಮುಕ್ಕಾಲು ಪಾಲಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಇರುವುದು ಸುಕ್ರೋಸೇ. ಹೊಟ್ಟೆಗೆ ಇಳಿದ ಮೇಲೆ, ನೀನು ಮಂಡ್ಯದ ಯಾವ ಆಲೆಮನೆಯವನಪ್ಪಾ ಎಂದು ಮೇದೋಜೀರಕ ಗ್ರಂಥಿ ವಿಚಾರಿಸುವುದಿಲ್ಲ.

ಆಮೇಲೆ ಡಾಕ್ಟರು ಅನ್ನ ಕಡಿಮೆ ಮಾಡಿ ಅಂದರು. ಭಾವನವರು ಅನ್ನ ಕಡಿಮೆ ಮಾಡಿ ಮುದ್ದೆ ಜಾಸ್ತಿ ಮಾಡಿದರು. ರಾಗಿಯ ಮೇಲೆ ನನಗೇನೂ ಸಿಟ್ಟಿಲ್ಲ. ಅದರಲ್ಲಿ ಸುಣ್ಣದಂಶ ಧಾರಾಳ, ನಾರು ಅಕ್ಕಿಗಿಂತ ಮೂರು ಪಟ್ಟಿಗೂ ಹೆಚ್ಚು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ ಪಟ್ಟಿ ತೆರೆದರೆ, ನೂರು ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 78 ಗ್ರಾಂ, ರಾಗಿಯಲ್ಲಿ 67, ಗೋಧಿಹಿಟ್ಟಿನಲ್ಲಿ 64. ಬಹಳ ದೂರದ ಸಂಬಂಧಿಕರೇನಲ್ಲ. ಇನ್ನು ನುಣ್ಣಗೆ ಬೀಸಿದ ರಾಗಿಯನ್ನು ಗಂಜಿ ಮಾಡಿ ಗಟಗಟ ಕುಡಿದರೆ ಸಕ್ಕರೆ ಏರುವುದಕ್ಕೆ ತಡವೇನಿಲ್ಲ. ಒಂದು ಸಣ್ಣ ಮುದ್ದೆ, ಜೊತೆಗೆ ಬಟ್ಟಲು ತುಂಬ ಸೊಪ್ಪಿನ ಬಸ್ಸಾರು ಅಥವಾ ಹುರುಳಿ ಸಾರು ಎಂದರೆ ಅದು ಬೇರೆ ಮಾತು. ಭಾವನವರ ಲೆಕ್ಕದಲ್ಲಿ ಎರಡು ದಪ್ಪ ಮುದ್ದೆ, ಅದು ಜಾರುವಷ್ಟೇ ಸಾರು. ಏಕಾದಶಿ ಬಂದರೆ ಕಟ್ಟಾ ಉಪವಾಸ: ಮಧ್ಯಾಹ್ನ ಅವಲಕ್ಕಿ, ಸಂಜೆ ಸಬ್ಬಕ್ಕಿ, ರಾತ್ರಿ ಉಪ್ಪಿಟ್ಟು.

ನಗುವ ಮಾತು ಸಾಕು, ಒಂದು ಗಂಭೀರದ್ದು. ಇನ್ಸುಲಿನ್ನೋ ಕೆಲವು ಬಗೆಯ ಮಾತ್ರೆಗಳೋ ನಡೆಯುತ್ತಿರುವಾಗ ನಿಜವಾಗಿಯೂ ಉಪವಾಸ ಕೂತರೆ ಸಕ್ಕರೆ 70ಕ್ಕಿಂತ ಕೆಳಗೆ ಜಾರಬಹುದು. ಬೆವರು, ಕೈನಡುಕ, ಕಣ್ಣು ಮಂಜು. ಡಾಕ್ಟರೇ "ಸಕ್ಕರೆ ತಿನ್ನಿ" ಎನ್ನುವುದು ಆ ಹೊತ್ತಿಗೆ ಮಾತ್ರ. ಆಗ ಗಡೀಪಾರಾದ ಡಬ್ಬಿಯನ್ನು ಅಕ್ಕ ಎಲ್ಲಿಂದ ತರಬೇಕು?

ಪರೀಕ್ಷೆಯ ದಿನ ಹತ್ತಿರ ಬಂದರೆ ಭಾವನವರು ಋಷಿ. ಎರಡು ದಿನ ಬರೀ ಸೌತೆಕಾಯಿ, ಹಾಗಲಕಾಯಿ ರಸ, ನೆನೆಸಿದ ಮೆಂತ್ಯ. ಖಾಲಿಹೊಟ್ಟೆಯ ರಿಪೋರ್ಟು ಹಿಡಿದು ಮೀಸೆ ತಿರುವುತ್ತಿದ್ದ ಕಾಲವೊಂದಿತ್ತು. ಈಗ ಎಚ್‌ಬಿಎ1ಸಿ ಎಂಬ ಚಾಡಿಕೋರ ಬಂದಿದ್ದಾನೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದರ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟುತ್ತಲೇ ಇರುತ್ತದೆ. ಹೋದ ತಿಂಗಳ ಗೃಹಪ್ರವೇಶದ ಹೋಳಿಗೆ, ಅದರ ಹಿಂದಿನ ತಿಂಗಳ ಸೀಮಂತದ ಚಿರೋಟಿ, ಎಲ್ಲವೂ ಅಲ್ಲಿ ದಾಖಲು. ಎರಡು ದಿನದ ಸೌತೆಕಾಯಿಗೆ ಅವನು ಬಗ್ಗುವವನಲ್ಲ.

ನಿಜ ಹೇಳಬೇಕೆಂದರೆ ತಪ್ಪು ಭಾವನವರೊಬ್ಬರದಲ್ಲ. ಹೋಳಿಗೆ ಬಡಿಸುವ ಅತ್ತೆಯಂದಿರಿದ್ದಾರಲ್ಲ, "ಒಂದೇ ಒಂದು ಹಾಕಿಸ್ಕೊಳಿ, ರಾತ್ರಿ ಒಂದು ಮಾತ್ರೆ ಜಾಸ್ತಿ ತಗೊಂಡ್ರಾಯ್ತು" ಎಂದು ಯಾವ ಡಿಗ್ರಿಯೂ ಇಲ್ಲದೆ ಔಷಧಿ ಬರೆದುಕೊಡುವವರು, ಅವರನ್ನು ಹಿಡಿಯುವವರು ಯಾರು?

ವಿಚಿತ್ರವೆಂದರೆ ಮದ್ದೂ ಅದೇ ಎಲೆಯ ಮೇಲಿದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಒಂದು ಪುಟ್ಟ ಪ್ರಯೋಗ ಪ್ರಕಟಿಸಿದರು. ಟೈಪ್ 2 ಮಧುಮೇಹದ ಹನ್ನೊಂದು ಜನರಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟರು. ಒಂದು ದಿನ ಮೊದಲು ಬ್ರೆಡ್ಡು ಮತ್ತು ಕಿತ್ತಳೆ ರಸ, ಇನ್ನೊಂದು ದಿನ ಮೊದಲು ತರಕಾರಿ ಮತ್ತು ಕೋಳಿ, ಕಾಲು ಗಂಟೆ ಬಿಟ್ಟು ಬ್ರೆಡ್ಡು. ತರಕಾರಿ ಮುಂದಾದ ದಿನ, ಊಟವಾಗಿ ಒಂದು ಗಂಟೆಯ ಹೊತ್ತಿಗೆ ರಕ್ತದ ಸಕ್ಕರೆ 37 ಶೇಕಡಾ ಕಡಿಮೆ ಇತ್ತು. ಹನ್ನೊಂದೇ ಜನ, ಒಪ್ಪಿದೆ. ಆದರೂ ನಮ್ಮ ಬಾಳೆಯೆಲೆ ನೆನಪಿಗೆ ಬರುವುದಿಲ್ಲವೇ? ಮೊದಲು ಬೀಳುವುದು ಹೆಸರುಬೇಳೆ ಕೋಸಂಬರಿ, ಆಮೇಲೆ ಪಲ್ಯ. ಅನ್ನ ಬರುವುದು ನಿಧಾನಕ್ಕೆ. ಬಡಿಸುವ ಕ್ರಮ ಸರಿಯಾಗೇ ಇದೆ. ನಾವು ಕೆಡಿಸಿದ್ದು ಅಳತೆಯನ್ನು: ಕೋಸಂಬರಿ ಕಣ್ಣಿಗೆ ಒತ್ತಿಕೊಳ್ಳುವ ಪ್ರಸಾದದಷ್ಟು, ಅನ್ನ ಎಲೆಯ ತುಂಬ.

ಸರ್ವಜ್ಞನಿಗೂ ಇದೇ ಗತಿ ಮಾಡಿದ್ದೇವೆ. ಉಂಡವನು ಮೊದಲು ನಾಲ್ಕು ಹೆಜ್ಜೆ ನಡೆಯಬೇಕು, ಮಲಗುವುದು ಆಮೇಲೆ ಎಂಬುದು ಅವನ ಸಲಹೆ. ಊಟದ ನಂತರ ಹತ್ತು ನಿಮಿಷ ನಡೆದರೆ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ ಎಂದು ಇಂದಿನ ಡಾಕ್ಟರೂ ಹೇಳುತ್ತಾರೆ. ಭಾವನವರು ಸರ್ವಜ್ಞನ ಉತ್ತರಾರ್ಧವನ್ನು ಮಾತ್ರ ಶ್ರದ್ಧೆಯಿಂದ ಪಾಲಿಸುತ್ತಾರೆ.

ಮೊನ್ನೆ ಒಂದು ಮದುವೆಯಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪ್ರಯೋಗವನ್ನು ಮಾಡಿಸಿದೆ. ಕೋಸಂಬರಿ ಮುಗಿಸಿ ಇನ್ನೊಮ್ಮೆ ಹಾಕಿಸಿಕೊಂಡರು. ಪಲ್ಯವನ್ನೂ ಖಾಲಿ ಮಾಡಿದರು. ಮೂರನೇ ಸಲ ಕೋಸಂಬರಿಗೆ ಕೈ ಮಾಡಿದಾಗ ಬಡಿಸುವ ಹುಡುಗ ಪಾತ್ರೆಯನ್ನು ಬೆನ್ನ ಹಿಂದೆ ಹಿಡಿದು, ಕನಿಕರದಿಂದ ಅಂದ: "ಸ್ವಲ್ಪ ತಾಳ್ಕೊಳಿ ಸ್ವಾಮಿ, ಅನ್ನ ಬರ್ತಾ ಇದೆ."