ಸ್ಕ್ರೂಡ್ರೈವರಿಗೊಂದು ಪಾಸ್‌ಪೋರ್ಟ್

ವಿದೇಶದ ವೈದ್ಯಕೀಯ ಶಿಬಿರಗಳ ಫೋಟೋಗಳಲ್ಲಿ ಸರ್ಜನ್ ನಟ್ಟನಡುವೆ, ನರ್ಸ್‌ಗಳು ಅಕ್ಕಪಕ್ಕ, ನಗುವ ಮಗು ಮುಂದೆ. ಯಂತ್ರ ರಿಪೇರಿಯ ನಿವೃತ್ತ ಟೆಕ್ನೀಷಿಯನ್, ಹಬೆಯಲ್ಲಿ ಉಪಕರಣ ಶುದ್ಧಿ ಮಾಡುವ ಆಟೋಕ್ಲೇವಿನ ಹಿಂದೆ ಅಂಗಾತ ಮಲಗಿರುತ್ತಾನೆ. ಪುಣ್ಯವಿದ್ದರೆ ಪಾದ ಕಂಡೀತು. ಪೆನ್ಷನ್ ಎಣಿಸಿಕೊಂಡು ಮನೆಯಲ್ಲಿರಬೇಕಾದ ಈ ಆಸಾಮಿಗೆ ಆಫ್ರಿಕಾದಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ವಿಮಾನದಲ್ಲಿ ಒಂದೇ ಸೀಟು ಉಳಿದಿದ್ದರೂ ಅದು ಅವನಿಗೇ ಸಲ್ಲಬೇಕೆಂದು ನನ್ನ ವಾದ. ಮಾಲ್ಕಿನ್ ಮತ್ತು ಕೀನ್ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: 11 ದೇಶಗಳ 60 ಬಡ ಆಸ್ಪತ್ರೆಗಳಲ್ಲಿ ಕೆಟ್ಟು ಕೂತಿದ್ದ 2,529 ಉಪಕರಣಗಳಲ್ಲಿ 1,821, ಅಂದರೆ ಶೇ. 72ರಷ್ಟು, ಹೊರದೇಶದ ಒಂದೇ ಒಂದು ಬಿಡಿಭಾಗವಿಲ್ಲದೆ ಮತ್ತೆ ಕೆಲಸಕ್ಕೆ ಹತ್ತಿದವು. ಆ ದುರಸ್ತಿಯಲ್ಲಿ ಶೇ. 19 ಶುದ್ಧ ಪ್ಲಂಬಿಂಗ್. ಇನ್ನೂ ಶೇ. 25ಕ್ಕೆ ಬೇಕಾಗಿದ್ದದ್ದು ಯಂತ್ರವನ್ನು ಸರಿಯಾಗಿ ಕೂರಿಸುವುದು, ಇಲ್ಲವೇ ಬಳಸುವವರಿಗೆ ಹೇಳಿಕೊಡುವುದು. ಪಾಪದ ಯಂತ್ರಕ್ಕೆ ಅಷ್ಟು ದಿನ ಸುಮ್ಮನೆ ಕೆಟ್ಟ ಹೆಸರು. ಆಕ್ಸಿಜನ್ ಕಾನ್ಸಂಟ್ರೇಟರ್ ಗುಂಯ್ ಎನ್ನುತ್ತಲೇ ಏದುಸಿರು ಬಿಡುತ್ತಿದ್ದರೆ, ಎಷ್ಟೋ ಸಲ ಹಿಂಬದಿಯ ಸ್ಪಂಜಿನ ಫಿಲ್ಟರ್‌ನಲ್ಲಿ ಧೂಳು ಮೆತ್ತಿರುತ್ತದೆ. ತೆಗೆದು, ಸೋಪಿನ ನೀರಲ್ಲಿ ಹಿಂಡಿ, ಪೂರ್ತಿ ಒಣಗಿಸಿ ಮತ್ತೆ ಸಿಕ್ಕಿಸಿದರಾಯಿತು. ಇದಕ್ಕೆ ಪಿಎಚ್‌ಡಿ ಬೇಡ. ಮೊದಲು ಅಲ್ಲೇ ಕೈ ಹಾಕಬೇಕೆಂದು ಹೊಳೆಯಬೇಕು, ಅಷ್ಟೆ.

ಮುದುಕನ ವಿದ್ಯೆ ಹಳತಾಯಿತಲ್ಲ ಎನ್ನುತ್ತೀರಿ. ಆ ಬಡ ಆಸ್ಪತ್ರೆಗಳಿಗೆ ದಾನವಾಗಿ ಬರುವ ಎಷ್ಟೋ ಯಂತ್ರಗಳೂ ಬೇರೆಲ್ಲೋ ನಿವೃತ್ತಿಯಾದವೇ. ಇವನಿಗೂ ಅವಕ್ಕೂ ಓರಗೆಯ ಸಲಿಗೆ. ಅಮೆರಿಕದ 120 ವೋಲ್ಟಿನ ಯಂತ್ರವನ್ನು 230 ವೋಲ್ಟಿನ ಪ್ಲಗ್ಗಿಗೆ ಚುಚ್ಚುವ ಮೊದಲು ಹಿಂದಿನ ಲೇಬಲ್ ಓದುವ ಬುದ್ಧಿ ಯಾವ ಅಪ್‌ಡೇಟಿನಲ್ಲೂ ಬರುವುದಿಲ್ಲ. ಅಷ್ಟೇಕೆ, ಮರ್ಸಿ ಶಿಪ್ಸ್ ಸಂಸ್ಥೆಯ ಆಸ್ಪತ್ರೆ ಹಡಗು 'ಆಫ್ರಿಕಾ ಮರ್ಸಿ' ಡೆನ್ಮಾರ್ಕಿನಲ್ಲಿ ರೈಲುಗಳನ್ನು ಹೊತ್ತು ದಾಟಿಸುತ್ತಿದ್ದದ್ದು. 2007ರಲ್ಲಿ ಅದಕ್ಕೆ ಎರಡನೇ ನೌಕರಿ ಸಿಕ್ಕಿತು. ಹಡಗಿಗಿಲ್ಲದ ವಯೋಮಿತಿ ಟೆಕ್ನೀಷಿಯನ್ನಿಗೇಕೆ? ಇನ್ನು ಖರ್ಚಿನ ಮಾತು: ಅವನ ಟಿಕೆಟ್ಟಿನ ದುಡ್ಡಲ್ಲಿ ಅಲ್ಲಿಯದೇ ಊರಿನ ಹುಡುಗನೊಬ್ಬನನ್ನು ತಯಾರು ಮಾಡಬಹುದಲ್ಲ? ಈ ಆಕ್ಷೇಪಕ್ಕೆ ತೂಕವಿದೆ. ರಿಪೇರಿ ಮಾಡಿ, ಕೈ ಒರೆಸಿಕೊಂಡು ಹೊರಟುಬಿಡುವವನು ಅರ್ಧ ಕೆಲಸ ಮಾಡಿದಂತೆ. ಆದರೆ ಅದೇ ಅಧ್ಯಯನದ ಪ್ರಕಾರ, ಕೆಟ್ಟಿದ್ದ ಯಂತ್ರಗಳಲ್ಲಿ ಶೇ. 66ನ್ನು ಸರಿಪಡಿಸಲು ಸಾಕಾದದ್ದು ಕೇವಲ 107 ಕೌಶಲ. ಅವನ್ನು ಊರ ಹುಡುಗನಿಗೆ ಕಲಿಸುವವರು ಯಾರು? ವೈದ್ಯರಿಗೆ ಆಪರೇಷನ್ನಿನ ಸಾಲು ಕಾದಿರುತ್ತದೆ. ನಿವೃತ್ತನಿಗೋ ಸಮಯವೂ ಉಂಟು, ಮನೆಯಲ್ಲಿ ಯಾರೂ ಕೇಳದ ಉಪದೇಶದ ದಾಸ್ತಾನೂ ಉಂಟು. ಅಲ್ಲಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಮರ್ಸಿ ಶಿಪ್ಸ್‌ನಂಥ ಕಡೆ ಸ್ವಯಂಸೇವಕರು ಬಹುಕಾಲ ತಮ್ಮ ಊಟ-ವಸತಿಯ ಖರ್ಚನ್ನೂ ತಾವೇ ಕೊಡುತ್ತಿದ್ದುದರಿಂದ, ಉಪದೇಶ ಮಾಡುವ ಹಕ್ಕನ್ನು ದುಡ್ಡು ಕೊಟ್ಟು ಪಡೆದಂತೆಯೂ ಆಗುತ್ತಿತ್ತು.

ಉಳಿದದ್ದು ಅವನ ಹೆಂಡತಿಯ ಆಕ್ಷೇಪ: ಊರಿಗೆ ಉಪಕಾರಿ, ಮನೆಗೆ ಮಾರಿ, ಅಡುಗೆಮನೆಯ ಮಿಕ್ಸಿ ಯುಗಾದಿಯಿಂದ ಕೆಟ್ಟು ಕೂತಿದೆ. ಅಧ್ಯಯನ ಇಲ್ಲಿ ನೆರವಿಗೆ ಬರುವುದಿಲ್ಲ. ಏಕೆಂದರೆ ಮಿಕ್ಸಿಗೂ ಬೇಕಾದದ್ದು ಅದೇ ವೈರು, ಅದೇ ಸ್ವಿಚ್ಚು, ಅದೇ ಮೋಟಾರಿನ ವಿದ್ಯೆ.