ಕಳ್ಳಿಪಾಕ ಮೀಮಾಂಸೆ: ಒಂದು ಬಹುಶಿಸ್ತೀಯ ಅಧ್ಯಯನ

ಅಧ್ಯಾಯ 1: ವ್ಯಾಪ್ತಿ, ಮಿತಿ ಮತ್ತು ಪ್ರಾಕ್ಕಲ್ಪನೆ

ಪ್ರಸ್ತುತ ಮಹಾಪ್ರಬಂಧವು ಮೆಕ್ಸಿಕೋದ ಅಡುಗೆಮನೆಗಳಲ್ಲಿ ನೊಪಾಲ್ ಎಂಬ ಪಾಪಾಸುಕಳ್ಳಿಯನ್ನು ಹೆರೆದು, ಹೆಚ್ಚಿ, ಬೇಯಿಸಿ ತಿನ್ನುವ ಕ್ರಿಯೆಯನ್ನು ಐತಿಹಾಸಿಕ, ತಾತ್ವಿಕ, ಸಸ್ಯಶಾಸ್ತ್ರೀಯ ಹಾಗೂ ಬಾಣಲೀಯ ನೆಲೆಗಳಲ್ಲಿ ಅನುಸಂಧಾನಕ್ಕೆ ಒಳಪಡಿಸುವ ವಿನಮ್ರ ಯತ್ನವಾಗಿದೆ. ಈ ಕ್ಷೇತ್ರದಲ್ಲಿ ಈವರೆಗೆ ಸಮಗ್ರ ಅಧ್ಯಯನ ನಡೆದಿಲ್ಲವೆಂದು ಪ್ರತಿ ಮಹಾಪ್ರಬಂಧವೂ ಮೊದಲ ಪುಟದಲ್ಲೇ ಹೇಳಬೇಕಾದ್ದರಿಂದ ಇಲ್ಲಿಯೂ ಹೇಳಲಾಗಿದೆ. ವಾಸ್ತವದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೇ 2017ರಲ್ಲಿ ಈ ಬೆಳೆಯ ಬಗ್ಗೆ ದಪ್ಪ ಪುಸ್ತಕವೊಂದನ್ನು ಹೊರತಂದಿದೆ. ಅದನ್ನು ನೋಡಿಲ್ಲವೆಂದು ನಟಿಸುವುದು ಸಂಶೋಧನಾ ಶಿಸ್ತಿನ ಭಾಗ.

ಪ್ರಾಕ್ಕಲ್ಪನೆ ಇಷ್ಟು: ಕಳ್ಳಿಗೆ ಮುಳ್ಳಿದೆ. ಉಪಪ್ರಾಕ್ಕಲ್ಪನೆ: ಅದನ್ನು ತೆಗೆದೇ ತಿನ್ನಬೇಕು.

ಪರಿಭಾಷೆಯಲ್ಲಿ ಸ್ಪಷ್ಟತೆ ಅಗತ್ಯ. ನೊಪಾಲ್ ಗಿಡದಲ್ಲಿ ಹಸಿರಾಗಿ, ಚಪ್ಪಟೆಯಾಗಿ, ಅಂಗೈಯಷ್ಟಗಲ ಕಾಣುವುದು ಎಲೆಯಲ್ಲ, ಕಾಂಡ. ಎಲೆ ಯಾವುದೆಂದರೆ ಮುಳ್ಳು. ಆದ್ದರಿಂದ ತಿನ್ನುವ ಭಾಗವನ್ನು ‘ಪರ್ಣಾಭಾಸ ಕಾಂಡಖಂಡ’ ಎಂದು ಕರೆಯಲು ತಜ್ಞರ ಸಮಿತಿ ಒಪ್ಪಿಗೆ ನೀಡಿದೆ. ಸಮಿತಿಯ ಸದಸ್ಯರು ಊಟಕ್ಕೆ ಎದ್ದ ಮೇಲೆ ಅದನ್ನು ‘ಹಾಳೆ’ ಎನ್ನಲಾಗುವುದು.

ಭೌಗೋಳಿಕ ವ್ಯಾಪ್ತಿ: ಮೆಕ್ಸಿಕೋ ನಗರದ ದಕ್ಷಿಣದ ಅಂಚಿನಲ್ಲಿರುವ ಮಿಲ್ಪಾ ಆಲ್ಟಾ. ಬೆಟ್ಟದ ಇಳಿಜಾರುಗಳಲ್ಲಿ ಸಾಲುಸಾಲಾಗಿ ನೊಪಾಲ್ ನೆಟ್ಟು ರಾಜಧಾನಿಯ ಮಾರುಕಟ್ಟೆಗಳಿಗೆ ಒದಗಿಸುವ ಸೀಮೆ ಇದು. ಆ ದೇಶದ ಬಾವುಟದ ನಡುವೆಯೂ ಇದೇ ಗಿಡವಿದೆ. ಅದರ ಮೇಲೆ ಹಾವು ಕಚ್ಚಿಕೊಂಡ ಹದ್ದೊಂದು ಕೂತಿದೆ. 1325ರಲ್ಲಿ ತೆನೊಚ್ಟಿಟ್ಲಾನ್ ನಗರ ಕಟ್ಟಲು ಜಾಗ ತೋರಿಸಿದ ದೈವಸೂಚನೆ ಅದೆಂಬುದು ಐತಿಹ್ಯ. ಹದ್ದಿನ ಸಂಕೇತಾರ್ಥವನ್ನೂ ಹಾವಿನ ಸಂಕೇತಾರ್ಥವನ್ನೂ ವಿದ್ವಾಂಸರು ಸಾಕಷ್ಟು ಬಗೆದಿದ್ದಾರೆ. ಕಾಲಿಗೆ ಮುಳ್ಳು ಚುಚ್ಚಲಿಲ್ಲವೇ ಎಂಬ ಪ್ರಶ್ನೆ ಮುಂದಿನ ಸಂಶೋಧಕರಿಗೆ ಮೀಸಲು.

ಅಧ್ಯಾಯ 2: ಕಂಟಕ ವಿವೇಚನೆ

ಕಂಟಕವು ದ್ವಿವಿಧ: ಸ್ಥೂಲ ಮತ್ತು ಸೂಕ್ಷ್ಮ. ಸ್ಥೂಲಕಂಟಕವು ಕಣ್ಣಿಗೆ ಕಾಣುತ್ತದೆ, ಚುಚ್ಚುತ್ತದೆ, ಕಿತ್ತರೆ ಬರುತ್ತದೆ. ಆದ್ದರಿಂದ ಅದನ್ನು ಪ್ರಾಮಾಣಿಕವೆಂದು ವರ್ಗೀಕರಿಸಲಾಗಿದೆ. ಸೂಕ್ಷ್ಮಕಂಟಕವು ಹಾಳೆಯ ಒಂದೊಂದು ಕಣ್ಣಿನಲ್ಲೂ ಗುಂಪುಗಟ್ಟಿ ಕೂತಿರುವ ನವಿರು ಕೊಕ್ಕೆಮುಳ್ಳು. ಮೆಕ್ಸಿಕೋದವರು ಅದನ್ನು ಅವಾತೆ ಎನ್ನುತ್ತಾರೆ. ತಾಕಿದರೆ ಸಾಕು, ಬುಡದಿಂದ ಕಳಚಿಕೊಂಡು ಚರ್ಮದೊಳಗೆ ಇಳಿಯುತ್ತದೆ. ಹಿಮ್ಮುಖ ಕೊಕ್ಕೆಗಳಿರುವುದರಿಂದ ಹೊರಬರಲು ಒಪ್ಪುವುದಿಲ್ಲ. ಒಳಗೆ ಹೋಗುವುದು ಸುಲಭ, ಮುಗಿಸಿ ಇಳಿಯುವುದು ಅಸಾಧ್ಯ ಎಂಬ ಈ ಗುಣಕ್ಕೆ ‘ಸಮಾರೋಪ ಭಾಷಣ ಲಕ್ಷಣ’ ಎಂದು ಹೆಸರಿಡಲಾಗಿದೆ.

ನಿಷ್ಕಂಟಕವಾದವೆಂಬ ಮೂರನೆಯ ಪಂಥವೂ ಉಂಟು. ಕ್ಯಾಲಿಫೋರ್ನಿಯಾದ ತಳಿತಜ್ಞ ಲೂಥರ್ ಬರ್ಬ್ಯಾಂಕ್ 1907ರ ಹೊತ್ತಿಗೆ ಮುಳ್ಳಿಲ್ಲದ ಕಳ್ಳಿಯನ್ನು ಭರ್ಜರಿ ಪ್ರಚಾರದೊಂದಿಗೆ ಮಾರಾಟಕ್ಕೆ ತಂದ. ಮರುಭೂಮಿಯೆಲ್ಲ ಇನ್ನು ಮೇವಿನ ಹೊಲವೆಂದು ಹಣ ಹಾಕುವವರು ನಂಬಿದರು. ಮರುಭೂಮಿ ನಂಬಲಿಲ್ಲ. ಮುಳ್ಳು ಕಳೆದುಕೊಂಡ ಗಿಡವನ್ನು ದನಗಳಿಂದ ಕಾಯಲು ಬೇಲಿ ಬೇಕಾಯಿತು, ಚೆನ್ನಾಗಿ ಬೆಳೆಯಲು ನೀರೂ ಬೇಕಾಯಿತು. ಇಷ್ಟಾಗಿಯೂ ಮುಳ್ಳಿಲ್ಲದ್ದೆಂದು ಹೆಸರಾದ ಹಾಳೆಯಲ್ಲಿ ಅವಾತೆ ಅಲ್ಲಲ್ಲಿ ಉಳಿದೇ ಇರುತ್ತದೆ.

ಕಂಟಕೋದ್ಧರಣ ವಿಧಿ. ಅಂಗೈಯುದ್ದದ, ತೆಳ್ಳಗಿನ, ತಿಳಿಹಸಿರು ಹಾಳೆಯನ್ನು ಆರಿಸಬೇಕು, ಬಲಿತದ್ದು ನಾರು. ಬುಡವನ್ನು ಇಕ್ಕಳದಿಂದಲೋ ದಪ್ಪ ಕೈಗವಸಿನಿಂದಲೋ ಹಿಡಿದು, ಚಾಕುವನ್ನು ಓರೆಯಾಗಿ ಮಲಗಿಸಿ, ಮುಳ್ಳಿನ ಕಣ್ಣುಗಳನ್ನಷ್ಟೇ ಹೆರೆಯಬೇಕು. ಸಿಪ್ಪೆಯನ್ನೆಲ್ಲ ತೆಗೆಯಬೇಕಿಲ್ಲ. ಅಂಚನ್ನು ಸುತ್ತಲೂ ಕತ್ತರಿಸಿ ಎಸೆಯಬೇಕು, ಮುಳ್ಳು ಒತ್ತಾಗಿರುವುದು ಅಲ್ಲಿಯೇ. ಬುಡದ ಗಟ್ಟಿ ತುಂಡನ್ನೂ ತೆಗೆದು ಹರಿಯುವ ನೀರಿನಲ್ಲಿ ತೊಳೆಯಬೇಕು. ಹೆರೆದ ಕಸವನ್ನು ಒರಸುಬಟ್ಟೆಯಿಂದ ಬಳಿಯಬಾರದು. ಆ ಬಟ್ಟೆ ಮುಂದೆ ಯಾರ ಮುಖಕ್ಕೆ ಹೋಗುತ್ತದೆಂದು ಹೇಳಲಾಗದು. ಚುಚ್ಚಿಕೊಂಡ ಅವಾತೆಯನ್ನು ಮೊದಲು ಚಿಮುಟದಿಂದ ಕಿತ್ತು, ಉಳಿದದ್ದಕ್ಕೆ ಗೋಂದು ಹಚ್ಚಿ, ಒಣಗಿದ ಮೇಲೆ ಪೊರೆಯನ್ನು ಸುಲಿದು ತೆಗೆಯುತ್ತಾರೆ. ಹಲ್ಲಿನಿಂದ ಕಚ್ಚಿ ತೆಗೆಯುವ ವಿಧಾನವು ಅಧ್ಯಯನದ ವ್ಯಾಪ್ತಿಯನ್ನು ನಾಲಿಗೆಗೂ ವಿಸ್ತರಿಸುತ್ತದೆ.

ಕಾಲಮೀಮಾಂಸೆ. ಹಾಳೆಯನ್ನು ಬೆಳಗಿನ ಜಾವ ಕೊಯ್ದರೆ ಹುಳಿ, ಸಂಜೆಗೆ ಕೊಯ್ದರೆ ಸಪ್ಪೆ. ಕಳ್ಳಿ ಹಗಲಿನ ಬಿಸಿಲಿಗೆ ತನ್ನ ಉಸಿರುರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಆಗ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಹಗಲಿಡೀ ಖರ್ಚು ಮಾಡುತ್ತದೆ. ಈ ವಿದ್ಯಮಾನಕ್ಕೆ ಇಂದು ಉದ್ದನೆಯ ಹೆಸರಿದೆ. ಆದರೆ ಅದರ ಮೊದಮೊದಲ ದಾಖಲೆಗಳಲ್ಲೊಂದು ಸಿಕ್ಕಿದ್ದು ನಾಲಿಗೆಯಿಂದ. ಟಿಪ್ಪುವಿನ ಪತನದ ನಂತರ ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಕಾಡುಬಸಳೆಯ ಎಲೆಯನ್ನು ಹೊತ್ತುಹೊತ್ತಿಗೆ ಜಗಿದು, ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ರುಚಿಯಿಲ್ಲ, ಸಂಜೆಗೆ ತುಸು ಕಹಿ ಎಂದು ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದ. ಅವನ ಸಂಶೋಧನಾ ವಿಧಾನವನ್ನು ಇಂದಿನ ಯಾವ ಸಮಿತಿಯೂ ಒಪ್ಪಲಾರದು. ಎಲೆ ತಿಂದದ್ದಕ್ಕೆ ಮುಂಚಿತ ಅನುಮತಿ ಪಡೆದಿರಲಿಲ್ಲ.

ಅಧ್ಯಾಯ 3: ಲೋಳೆಯ ಸಪ್ತ ಸಂಪ್ರದಾಯಗಳು

ಲೋಳೆಯೇ ನೊಪಾಲ್‌ನ ಅಸ್ಮಿತೆ. ಬೆಂಡೆಕಾಯಿ ಹೆಚ್ಚಿ ಗೊತ್ತಿರುವವರಿಗೆ ಅದರ ಸ್ವಭಾವ ವಿವರಿಸಬೇಕಿಲ್ಲ, ಪ್ರಮಾಣ ಮಾತ್ರ ಇಲ್ಲಿ ಹೆಚ್ಚು. ಮೆಕ್ಸಿಕೋದಲ್ಲಿ ಈ ಲೋಳೆಯನ್ನು ಸುಣ್ಣಕ್ಕೆ ಕಲಸಿ ಗೋಡೆಗೆ ಬಳಿಯುವ ಪದ್ಧತಿಯೂ ಹಳೆಯದು. ಗೋಡೆಗೆ ಬೇಕಾದದ್ದು ತಟ್ಟೆಗೆ ಬೇಡವಾದ್ದರಿಂದ ಪಾಕಶಾಸ್ತ್ರದಲ್ಲಿ ಏಳು ಸಂಪ್ರದಾಯಗಳು ಹುಟ್ಟಿಕೊಂಡವು.

ಮೊದಲನೆಯದು ಜಲವಾದ. ಹಾಳೆಯನ್ನು ಸಣ್ಣ ಚೌಕಗಳಾಗಿ ಹೆಚ್ಚಿ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುದಿಸುವುದು. ಕಡುಹಸಿರು ಹೋಗಿ ಆಲಿವ್ ಬಣ್ಣ ಬಂದಾಗ, ಅಂದರೆ ಹತ್ತು ಹದಿನೈದು ನಿಮಿಷಕ್ಕೆ, ಬಸಿದು ತಣ್ಣೀರಿನಲ್ಲಿ ಜಾಲಿಸುವುದು. ನೊರೆ ಉಕ್ಕುವುದರಿಂದ ದೊಡ್ಡ ಪಾತ್ರೆ ಬೇಕು.

ಎರಡನೆಯದು ಲವಣವಾದ. ಹಸಿ ಹೋಳಿಗೆ ಹರಳುಪ್ಪು ತಿಕ್ಕಿ ಬಿಟ್ಟರೆ ಲೋಳೆ ತಾನೇ ಇಳಿಯುತ್ತದೆ, ಆಮೇಲೆ ತೊಳೆಯುವುದು. ಮೂರನೆಯದು ಸ್ವೇದವಾದ: ನೀರೇ ಹಾಕದೆ, ಎಣ್ಣೆ ಈರುಳ್ಳಿಯೊಂದಿಗೆ ಮುಚ್ಚಿಟ್ಟು, ತನ್ನ ಲೋಳೆಯಲ್ಲೇ ಬೇಯಿಸಿ ಅದು ಇಂಗುವವರೆಗೆ ಕಾಯುವುದು. ನಾಲ್ಕನೆಯದು ಅಗ್ನಿವಾದ: ಇಡೀ ಹಾಳೆಗೆ ಅಲ್ಲಲ್ಲಿ ಸೀಳು ಹಾಕಿ, ಉಪ್ಪು ಎಣ್ಣೆ ಸವರಿ, ಹಂಚಿನ ಮೇಲೆ ಕಪ್ಪು ಚುಕ್ಕೆ ಬರುವಂತೆ ಸುಡುವುದು. ಐದನೆಯದು ತಾಮ್ರವಾದ: ಕುದಿಯುವ ನೀರಿಗೆ ತಾಮ್ರದ ನಾಣ್ಯ ಹಾಕಿದರೆ ಬಣ್ಣ ಉಳಿಯುತ್ತದೆಂಬ ಮನೆಮಾತು. ಅಡುಗೆಸೋಡಾವಾದಿಗಳನ್ನು ಇದರ ಉಪಶಾಖೆಯೆಂದು ಪರಿಗಣಿಸಬಹುದೋ, ಸ್ವತಂತ್ರ ಪಂಥವೆಂದೋ ಎಂಬ ಬಗ್ಗೆ

ಸಾಕು. ಆರನೆಯದನ್ನೂ ಏಳನೆಯದನ್ನೂ ಶೀರ್ಷಿಕೆಯ ಗಾಂಭೀರ್ಯಕ್ಕಾಗಿ ಸೇರಿಸಲಾಗಿತ್ತು. ಬೆಂದ ಹೋಳಿಗೆ ಟೊಮೆಟೊ, ಈರುಳ್ಳಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ನಿಂಬೆರಸ ಬೆರೆಸಿ ಮೇಲೆ ತಾಜಾ ಗಿಣ್ಣು ಉದುರಿಸಿದರೆ ಅದು ನೊಪಾಲಿತೋಸ್ ಸಲಾಡ್. ಮೊಟ್ಟೆಯೊಂದಿಗೆ ಕದಡಿ ಹುರಿದರೆ ಬೆಳಗಿನ ತಿಂಡಿ. ಸುಟ್ಟದ್ದನ್ನು ಜೋಳದ ರೊಟ್ಟಿಯಲ್ಲಿ ಸುತ್ತಿದರೆ ಟಾಕೋ. ಅಲ್ಲಿ ಜೋಳವೆಂದರೆ ಮೆಕ್ಕೆಜೋಳ.

ಅಧ್ಯಾಯ 4: ವಸಾಹತು, ಕೀಟ ಮತ್ತು ಸಂಕಥನ

ನೊಪಾಲನ್ನು ತಿನ್ನುವ ಇನ್ನೊಂದು ಜೀವಿಯೂ ಇದೆ: ಕೊಚಿನಿಯಲ್ ಎಂಬ ಪುಟ್ಟ ಕೀಟ. ಅದನ್ನು ಒಣಗಿಸಿದರೆ ಕಡುಗೆಂಪು ಬಣ್ಣ. ಸ್ಪೇನ್ ತನ್ನ ಮೆಕ್ಸಿಕೋ ವಸಾಹತಿನಿಂದ ಬೆಳ್ಳಿಯ ನಂತರ ಅತಿ ಹೆಚ್ಚು ಗಳಿಸಿದ್ದು ಈ ಕೀಟದಿಂದ. ಫ್ರೆಂಚನೊಬ್ಬ 1777ರಲ್ಲಿ ಓಹಾಕಾದಿಂದ ಅದನ್ನು ಕದ್ದು ಸಾಗಿಸಿದ. ಈಸ್ಟ್ ಇಂಡಿಯಾ ಕಂಪನಿಗೂ ಆಸೆ ಹುಟ್ಟಿತು. ಮದರಾಸಿನಲ್ಲಿ ವೈದ್ಯ ಜೇಮ್ಸ್ ಆಂಡರ್ಸನ್ 1780ರ ದಶಕದ ಕೊನೆಯಲ್ಲಿ ಸೈದಾಪೇಟೆಯ ಬಳಿ ಕಳ್ಳಿತೋಟವನ್ನೇ ಮಾಡಿ ಕೀಟಕ್ಕಾಗಿ ಕಾದ. 1795ರಲ್ಲಿ ಬ್ರೆಜಿಲ್‌ನಿಂದ ಕಲ್ಕತ್ತೆಗೆ ಬಂದದ್ದು ಬೇರೆ ಜಾತಿಯ, ಕಳಪೆ ಬಣ್ಣದ ಕೀಟ. ಬಣ್ಣ ಸರಿಯಾಗಿ ಕೊಡಲಿಲ್ಲ. ಕಳ್ಳಿಯನ್ನು ಮಾತ್ರ ಸೊಗಸಾಗಿ ತಿಂದಿತು. 1830ರ ದಶಕದಲ್ಲಿ ದಕ್ಷಿಣ ಭಾರತದ ಕಳ್ಳಿಪೊದೆಗಳನ್ನು ನಾಶಮಾಡಲು ಅದನ್ನೇ ಬೇಕೆಂದೇ ಬಿಡಲಾಯಿತು. ಕಳೆಯನ್ನು ಕೀಟದಿಂದ ಕೊಲ್ಲುವ ವಿದ್ಯೆಯ ಚರಿತ್ರೆ ಶುರುವಾಗುವುದು ಇಲ್ಲಿಂದಲೇ.

ಆಸ್ಟ್ರೇಲಿಯಾದಲ್ಲಿ ಆ ವಿದ್ಯೆ ಗೆದ್ದಿತು. 1925ರಲ್ಲಿ ಅರ್ಜೆಂಟೀನಾದಿಂದ ತಂದ ಕ್ಯಾಕ್ಟೋಬ್ಲಾಸ್ಟಿಸ್ ಪತಂಗದ ಹುಳುಗಳು ಕೋಟ್ಯಂತರ ಎಕರೆ ಹಬ್ಬಿದ್ದ ಕಳ್ಳಿಯನ್ನು ಮೇದು ಮುಗಿಸಿದವು. ಕ್ವೀನ್ಸ್‌ಲ್ಯಾಂಡಿನ ಬೂನಾರ್ಗಾದಲ್ಲಿ ಆ ಪತಂಗದ ಹೆಸರಿನ ಸ್ಮಾರಕ ಸಭಾಂಗಣವೇ ಇದೆ. ವಿದ್ವಾಂಸರ ಹೆಸರಿನ ಎಷ್ಟೋ ಸಭಾಂಗಣಗಳಿಗಿಂತ ಅದರ ಹೆಸರಿಗೆ ಹೆಚ್ಚು ಕಾರಣವಿದೆ.

ಮಡಗಾಸ್ಕರ್‌ನ ದಕ್ಷಿಣದಲ್ಲಿ ನಡೆದದ್ದನ್ನು ಈ ಧಾಟಿಯಲ್ಲಿ ಬರೆಯಲಾಗದು. ಅಲ್ಲಿನ ಒಣ ಸೀಮೆಯ ತಂದ್ರೋಯ್ ಜನರಿಗೆ ಕಳ್ಳಿಯೇ ಊರಬೇಲಿ, ದನದ ಮೇವು, ಬರಗಾಲದ ನೀರು, ಮಕ್ಕಳ ಹಣ್ಣು. ವಸಾಹತು ಆಡಳಿತದ ಲೆಕ್ಕದಲ್ಲಿ ಅದು ಅಡ್ಡಿ. ಬೇಲಿಯ ಒಳಗಿದ್ದವರು ತೆರಿಗೆಗೂ ಕೂಲಿಗೂ ಸುಲಭಕ್ಕೆ ಸಿಗುತ್ತಿರಲಿಲ್ಲ. 1924ರಲ್ಲಿ ದ್ವೀಪಕ್ಕೆ ತಂದು ಬಿಟ್ಟ ಕೊಚಿನಿಯಲ್ ಕೆಲವೇ ವರ್ಷಗಳಲ್ಲಿ ಆ ಸೀಮೆಯ ಕಳ್ಳಿಯನ್ನು ಬಯಲಾಗಿಸಿತು. ದನ ಸತ್ತವು. ಜನ ಹಸಿದರು, ಸತ್ತರು, ಕೂಲಿ ಹುಡುಕಿ ಊರು ಬಿಟ್ಟರು. ಆ ಗಿಡದಿಂದ ಬದುಕಿದವರನ್ನು ಒಂದು ಮಾತೂ ಕೇಳದೆ ಅದನ್ನು ಕಳೆಯೆಂದು ತೀರ್ಮಾನಿಸಿದ ಆ ವರದಿಗಳ ಭಾಷೆ ಎಷ್ಟು ಶುದ್ಧ, ಎಷ್ಟು ನಿರ್ವಿಕಾರ! ‘ಉಪಯುಕ್ತತೆ’, ‘ನಿರ್ಮೂಲನ’, ‘ಅಭಿವೃದ್ಧಿ’. ಇಂದು ಅದೇ ಗಿಡ ‘ಹವಾಮಾನ ಸಹಿಷ್ಣು ಸೂಪರ್‌ಫುಡ್’. ತಂಪು ಸಭಾಂಗಣದ ವಿಚಾರಸಂಕಿರಣಗಳಲ್ಲಿ ಅದರ ಭವಿಷ್ಯ ಚರ್ಚೆಯಾಗುತ್ತದೆ, ಮಧ್ಯಾಹ್ನದ ಊಟದಲ್ಲಿ ಪನೀರ್ ಇರುತ್ತದೆ.

ಅಧ್ಯಾಯ 5: ಮಾಹಿತಿದಾರರು

ಮಹಾಪ್ರಬಂಧಗಳಲ್ಲಿ ಮಾಹಿತಿದಾರರಿಗೆ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದ ಪಟ್ಟಿಯೊಂದಿರುತ್ತದೆ: ಹೆಸರು, ವಯಸ್ಸು, ಊರು, ‘ಅನಕ್ಷರಸ್ಥರು’. ಮೆಕ್ಸಿಕೋದ ಮಾರುಕಟ್ಟೆಗಳಲ್ಲಿ ನೊಪಾಲ್ ರಾಶಿಯ ಪಕ್ಕ ಕೂತು, ಗಿರಾಕಿಯೊಡನೆ ಮಾತಾಡುತ್ತಲೇ, ಕೈ ನೋಡದೆ ಹಾಳೆ ಹೆರೆದು ಹೆಚ್ಚಿ ಚೀಲಕ್ಕೆ ತುಂಬುವ ಹೆಂಗಸರು ಆ ಪಟ್ಟಿಯ ಜನ. ಅಧ್ಯಾಯ 2ರಲ್ಲಿ ಇರುವುದೆಲ್ಲ ಅವರ ಮಣಿಕಟ್ಟಿನಲ್ಲಿದೆ. ಅಧ್ಯಾಯ 3ರ ಸಂಪ್ರದಾಯಗಳು ಅವರ ತಾಯಿ, ಅತ್ತೆಯಂದಿರ ನಡುವಿನ ಜಗಳಗಳು. ‘ದೇಸಿ ಜ್ಞಾನಪರಂಪರೆ’ ಎಂದು ಕೊಂಡಾಡುತ್ತ ಆ ಜ್ಞಾನವಿದ್ದವರಿಗೆ ಸಭೆಯಲ್ಲಿ ಕುರ್ಚಿ ಹಾಕದ ವಿದ್ವತ್ತಿಗೆ ನಾಚಿಕೆಯಾಗಬೇಕು.

ಇನ್ನು ಮಾತ್ರೆ ಮಾರುವವರು. ನೊಪಾಲ್ ಪುಡಿಯನ್ನು ಕ್ಯಾಪ್ಸೂಲಿಗೆ ತುಂಬಿ ಸಕ್ಕರೆ ಕಾಯಿಲೆ ಮಾಯವೆಂದು ಬರೆಯುವವರ ಗದ್ಯಕ್ಕೂ ಪ್ರಬಂಧಗದ್ಯಕ್ಕೂ ರಕ್ತಸಂಬಂಧವಿದೆ. ಊಟದೊಂದಿಗೆ ನೊಪಾಲ್ ತಿಂದಾಗ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗಿದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ, ಅಷ್ಟೇ. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ಅದರ ಜೊತೆಗೆ ಈ ಪುಡಿಯನ್ನೂ ನುಂಗಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಹಾಳೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರು. ಉಳಿದದ್ದು ನಾರು, ಸುಣ್ಣದಂಶ, ತುಸು ಸಿ ಜೀವಸತ್ವ. ಅದೊಂದು ತರಕಾರಿ. ತರಕಾರಿಯಾಗಿರುವುದರಲ್ಲಿ ಅವಮಾನವೇನೂ ಇಲ್ಲ.

ಅನುಬಂಧ: ಕರ್ನಾಟಕದ ಓದುಗರಿಗೆ

ನಮ್ಮ ಬೇಲಿಗಳ ಬೊಂತೆಗಳ್ಳಿ, ಚದುರಗಳ್ಳಿಗಳು ಹೆಸರಿಗಷ್ಟೇ ಕಳ್ಳಿ. ನೊಪಾಲ್‌ನ ಕುಟುಂಬಕ್ಕೆ ಸೇರಿದವಲ್ಲ. ಮುರಿದರೆ ಬಿಳಿ ಹಾಲು ಬರುತ್ತದೆ. ಆ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಹಾಲು ಬರುವ ಯಾವ ಕಳ್ಳಿಯೂ ಅಡುಗೆಮನೆಗೆ ಬರಬಾರದು. ಬಯಲುಸೀಮೆಯ ಪಾಪಾಸುಕಳ್ಳಿ ನೊಪಾಲ್‌ನ ಹತ್ತಿರದ ನೆಂಟ. ದನ ಕಾಯುವ ಮಕ್ಕಳು ಅದರ ಹಣ್ಣನ್ನು ನೆಲಕ್ಕೆ ಉಜ್ಜಿ ಮುಳ್ಳು ಕಳೆದು ತಿಂದು ಬಾಯಿ ಕೆಂಪು ಮಾಡಿಕೊಂಡವರೇ. ಮರುದಿನ ಮೂತ್ರ ಕೆಂಪಾದರೆ ಹೆದರಬೇಕಿಲ್ಲ, ಅದು ಹಣ್ಣಿನದೇ ಬಣ್ಣ.

ಅಮೆರಿಕದ ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿರುವ ಕನ್ನಡಿಗರಿಗೆ ಮೆಕ್ಸಿಕನ್ ಅಂಗಡಿಗಳಲ್ಲಿ ಹೆರೆದು ಹೆಚ್ಚಿದ ನೊಪಾಲ್ ಚೀಲಗಳಲ್ಲಿ ಸಿಗುತ್ತದೆ. ಸ್ವೇದವಾದದಂತೆ ಲೋಳೆ ಇಂಗಿಸಿ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು, ತೆಂಗಿನತುರಿ ಹಾಕಿದರೆ ಪಲ್ಯವಾಗುತ್ತದೆ. ಹುಳಿ ಅದರಲ್ಲೇ ಇರುವುದರಿಂದ ಹುಣಿಸೆ ಬೇಡ. ಹೆರೆಯದ ಹಾಳೆಗಿಂತ ಹೆರೆದದ್ದಕ್ಕೆ ಬೆಲೆ ಹೆಚ್ಚೆಂದು ಗೊಣಗಬೇಡಿ. ಆ ವ್ಯತ್ಯಾಸ ಮುಳ್ಳು ಚುಚ್ಚಿಸಿಕೊಂಡವರ ಕೂಲಿ.