ಸ್ವಿಚ್ಚು ಕೆಳಗೆ ಅಪ್ಪಾಜಿ, ಕೆಳಗೆ!

ಮಗ ಅಮೆರಿಕದಲ್ಲಿ ಕಂಪ್ಯೂಟರ್ ಇಂಜಿನಿಯರ್ ಅಂದಮೇಲೆ ಊರಿನ ಕಂಪ್ಯೂಟರ್ ಕೆಟ್ಟರೆ ರಿಪೇರಿ ಅವನದೇ. ಇದರಲ್ಲಿ ಚಿತ್ರದುರ್ಗ ಜಿಲ್ಲೆಯ ಯಾವ ತಂದೆತಾಯಿಗೂ ಅನುಮಾನವಿಲ್ಲ. ಅವನು ಅಲ್ಲಿ ಬ್ಯಾಂಕಿನ ಲೆಕ್ಕದ ತಂತ್ರಾಂಶ ಬರೆಯುತ್ತಾನೋ, ಆಸ್ಪತ್ರೆಯ ಬಿಲ್ಲಿನ ತಂತ್ರಾಂಶ ಬರೆಯುತ್ತಾನೋ ಕೇಳುವವರಿಲ್ಲ. ಸಿಪಿಯು ಡಬ್ಬದ ಮುಚ್ಚಳ ಬಿಚ್ಚಿ ಎಷ್ಟು ವರ್ಷವಾಯಿತೆಂದು ಅವನನ್ನು ಕೇಳಿದರೆ ಅವನೂ ಮಾತು ಬದಲಾಯಿಸುತ್ತಾನೆ.

ಹೊಳಲ್ಕೆರೆಯ ನಿವೃತ್ತ ಮೇಷ್ಟ್ರ ಮಗ ಇರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಥಾಮಸ್ ಆಲ್ವ ಎಡಿಸನ್ 1876ರಲ್ಲಿ ಪ್ರಯೋಗಶಾಲೆ ಹೂಡಿ, 1879ರಲ್ಲಿ ಬಲ್ಬ್ ಉರಿಸಿ ತೋರಿಸಿದ ಮೆನ್ಲೋ ಪಾರ್ಕ್ ಇರುವುದು ಅಲ್ಲೇ. ಆ ಅಭಿಮಾನಕ್ಕೇ 1954ರಲ್ಲಿ ಊರಿಗೆ ಅವನ ಹೆಸರಿಟ್ಟರು. "ಕರೆಂಟಿನ ಊರಲ್ಲೇ ಇದ್ದೀಯಲ್ಲಪ್ಪ, ಒಂದು ಕಂಪ್ಯೂಟರಿಗೆ ಜೀವ ಕೊಡೋಕೆ ಆಗಲ್ವಾ?" ಎಂಬ ಮೇಷ್ಟ್ರ ಪ್ರಶ್ನೆಗೆ ಇಂಜಿನಿಯರಿಂಗ್ ಪಠ್ಯದಲ್ಲಿ ಉತ್ತರವಿಲ್ಲ.

ಮೇಷ್ಟ್ರಿಗೆ ಅವಸರವಿತ್ತು. ನವೆಂಬರ್ 1ಕ್ಕೆ ರಾಜ್ಯೋತ್ಸವ ಭಾಷಣ. ಅದನ್ನು ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ, ಒಂದೊಂದೇ ಅಕ್ಷರ ಕುಟ್ಟಿ ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದರು. ಆ ಕಂಪ್ಯೂಟರ್ ಒಂದು ವಾರದಿಂದ ಏಳುತ್ತಲೇ ಇರಲಿಲ್ಲ. ಮಗನೋ 'ಬರಹ'ದ ಕಾಲದವನು. 1998ರಲ್ಲಿ ಶೇಷಾದ್ರಿವಾಸು ಅವರ ಆ ತಂತ್ರಾಂಶ ಬಂದಮೇಲೆಯೇ ಹೊರನಾಡಿನ ಎಷ್ಟೋ ಮಕ್ಕಳು ಕಂಗ್ಲಿಷ್ ಬಿಟ್ಟು ಮನೆಗೆ ಕನ್ನಡದಲ್ಲಿ ಮೇಲ್ ಬರೆದದ್ದು. ನುಡಿಯೋ ಬರಹವೋ ಎಂಬ ಜಗಳ ತಂದೆ ಮಗನ ನಡುವೆ ಹಿಂದೆಯೇ ಆಗಿ ಮುಗಿದಿತ್ತು. ಈಗ ಯಾವುದಾದರೂ ಸರಿ, ತೆರೆ ಬೆಳಗಿದರೆ ಸಾಕಿತ್ತು.

ಅಕ್ಟೋಬರ್ ಕೊನೆಯ ಶನಿವಾರ ವಿಡಿಯೋ ಕರೆ. ಎಡಿಸನ್‌ನಲ್ಲಿ ಬೆಳಿಗ್ಗೆ 9, ಹೊಳಲ್ಕೆರೆಯಲ್ಲಿ ಸಂಜೆ 6.30. (ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸಿದಮೇಲೆ ಅಂತರ ಒಂಬತ್ತೂವರೆ ಹೋಗಿ ಹತ್ತೂವರೆ ಗಂಟೆಯಾಗುತ್ತದೆ. ಪ್ರತಿವರ್ಷ ಆ ವಾರ ಮೇಷ್ಟ್ರು ಮಗನನ್ನು ನಿದ್ದೆಯಿಂದ ಎಬ್ಬಿಸುತ್ತಾರೆ.) ಮಗಳನ್ನು ಕನ್ನಡ ತರಗತಿಗೆ ಬಿಡಬೇಕಾದ ಹೊತ್ತಿನೊಳಗೆ ಕೆಲಸ ಮುಗಿಸುವ ಹುಮ್ಮಸ್ಸಿನಲ್ಲಿ ಮಗ ಕೂತ.

"ಅಪ್ಪಾಜಿ, ಗೋಡೆ ಸ್ವಿಚ್ಚು ಮೇಲಕ್ಕಿದೆಯಾ?"

"ಇಲ್ಲಪ್ಪ, ಕೆಳಕ್ಕೈತೆ."

"ಅದಕ್ಕೇ ಮತ್ತೆ! ಮೇಲಕ್ಕೆ ಮಾಡಿ."

ಮೇಷ್ಟ್ರು ಮಾಡಿದರು. ಅಲ್ಲಿಗೆ ಇದ್ದ ಕರೆಂಟೂ ಹೋಯಿತು. ಅಮೆರಿಕದಲ್ಲಿ ಸ್ವಿಚ್ಚು ಮೇಲಕ್ಕೆ ಒತ್ತಿದರೆ ಆನ್, ನಮ್ಮಲ್ಲಿ ಕೆಳಕ್ಕೆ. ಅಲ್ಲಿನ ಪ್ಲಗ್ ಪಾಯಿಂಟಿಗೆ ಸಾಮಾನ್ಯವಾಗಿ ಸ್ವಿಚ್ಚೇ ಇರುವುದಿಲ್ಲ, ಸಿಕ್ಕಿಸಿದರೆ ಮುಗಿಯಿತು. ಹುಟ್ಟಿದ ಮನೆಯ ಸ್ವಿಚ್ಚು ಯಾವ ಕಡೆಗೆ ಎಂಬುದನ್ನು ಹೆಬ್ಬೆರಳು ಮರೆತುಬಿಡುತ್ತದೆಂದು ವೀಸಾ ಕೊಡುವಾಗ ಯಾರೂ ಹೇಳಿರುವುದಿಲ್ಲ.

ಮುಂದಿನ ತಪಾಸಣೆಯೆಲ್ಲ ಕರೆಂಟಿಲ್ಲದ ಡಬ್ಬದ ಮೇಲೆ ಶ್ರದ್ಧೆಯಿಂದ ನಡೆಯಿತು. ಎಸ್‌ಎಂಪಿಎಸ್ (ಒಳಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ) ಹಿಂಭಾಗದ ಕರಿ ಸ್ವಿಚ್ಚಿನಲ್ಲಿ ಒಂದು ಕಡೆ ಗೀಟು, ಇನ್ನೊಂದು ಕಡೆ ಸೊನ್ನೆ. ಗೀಟು ಆನ್, ಸೊನ್ನೆ ಆಫ್. ಮೇಷ್ಟ್ರು ಸೊನ್ನೆಯನ್ನು ಇಂಗ್ಲಿಷಿನ 'ಓ' ಎಂದು ಓದಿ, ಅದೇ ಆನ್ ಇರಬೇಕೆಂದು ಗೀಟಿನಲ್ಲಿದ್ದ ಸ್ವಿಚ್ಚನ್ನು ಆ ಕಡೆ ಒತ್ತಿದರು. ಆಫ್ ಕೂಡ 'ಓ'ದಿಂದಲೇ ಶುರುವಲ್ಲವೇ ಎಂದು ಮಗ ಕೇಳಿದ್ದಕ್ಕೆ, "ಹಂಗಾದ್ರೆ ಇದನ್ನ ಮಾಡಿದೋನು ನಮ್ಮ ಶಾಲೇಲಿ ಓದಿದೋನಲ್ಲ ಬಿಡು" ಎಂದು ಮತ್ತೆ ಗೀಟಿನ ಕಡೆ ಒತ್ತಿದರು. ಅಷ್ಟರಲ್ಲಿ ಮಗನಿಗೆ ಎದೆ ಧಸಕ್ಕೆಂದಿತು. ಹಳೆಯ ಎಸ್‌ಎಂಪಿಎಸ್‌ಗಳ ಬೆನ್ನಿಗೆ 115, 230 ಎಂದು ಬರೆದ ಕೆಂಪು ಗುಂಡಿಯೊಂದು ಇರುತ್ತದೆ. ಬೇಸಿಗೆ ರಜೆಗೆ ಬಂದ ಮೊಮ್ಮಗಳು ಅದನ್ನು ಅಮೆರಿಕದ 115ಕ್ಕೆ ಸರಿಸಿದ್ದರೆ, ನಮ್ಮ 230 ವೋಲ್ಟ್ ನುಗ್ಗಿದ ಕ್ಷಣ ಫ್ಯೂಸೋ ಕೆಪ್ಯಾಸಿಟರೋ ಢಂ ಅನ್ನುವುದು ಗ್ಯಾರಂಟಿ. "ಸಾವಧಾನ, ಕೆಂಪುಗುಂಡಿ ನೋಡಿ." ಮೇಷ್ಟ್ರು ಟಾರ್ಚ್ ಹಿಡಿದು ನೋಡಿದರು. 230ರಲ್ಲೇ ಇತ್ತು, ಜೇಡರ ಬಲೆಯ ಸಮೇತ. ಮೊಮ್ಮಗಳ ಮರ್ಯಾದೆ ಉಳಿಯಿತು.

ಹೊಳಲ್ಕೆರೆಯ ಕಂಪ್ಯೂಟರಿಗೆ ಹುಷಾರಿಲ್ಲವೆಂದು ಇಷ್ಟರಲ್ಲಿ ಜಿಲ್ಲೆಗೆಲ್ಲ ಸುದ್ದಿ. ಹಿರಿಯೂರಿನಿಂದ ಅಕ್ಕ, ಭಾವ, ಹೊಸದುರ್ಗದಿಂದ ಚಿಕ್ಕಪ್ಪ ಕರೆಗೆ ಸೇರಿಕೊಂಡರು. ವಾಣಿವಿಲಾಸ ಸಾಗರದ (ಅವರ ಬಾಯಲ್ಲಿ ಮಾರಿಕಣಿವೆ) ನೀರಿನ ಮಟ್ಟ ಹೇಳದೆ ಭಾವ ಮಾತು ಶುರುಮಾಡುವವರಲ್ಲ. "1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ 2022ರಲ್ಲಿ ಮತ್ತೆ ಬೀಳಲಿಲ್ವಾ? 89 ವರ್ಷ! ನೀವು ಒಂದು ವಾರಕ್ಕೇ ಹಿಂಗಾಡಿದ್ರೆ ಹೆಂಗೆ ಮಾವ?" ಎಂದರು. ಸಾಣೇಹಳ್ಳಿಯ ನಾಟಕ ಒಂದನ್ನೂ ಬಿಡದ ಚಿಕ್ಕಪ್ಪ, "ರ್‍ಯಾಮ್ ಬಿಚ್ಚಿ ರಬ್ಬರಿನಿಂದ ಉಜ್ಜು, ಅಣ್ಣಾ! ಉಜ್ಜು!" ಎಂದು ರಂಗದ ಮೇಲಿನ ದನಿಯಲ್ಲೇ ಅಪ್ಪಣೆ ಕೊಟ್ಟರು. ರಬ್ಬರಿನ ಚಿಕಿತ್ಸೆ ಸುಳ್ಳಲ್ಲ. ರ್‍ಯಾಮ್ ಪಟ್ಟಿಯ ಹೊಂಬಣ್ಣದ ಅಂಚಿಗೆ ಕಟ್ಟಿದ ಕಿಲುಬು ಹೋಗುತ್ತದೆ. ಆದರೆ ಅದು ಫ್ಯಾನ್ ತಿರುಗಿ, ಬೀಪ್ ಬೀಪ್ ಅಂದು, ತೆರೆ ಮಾತ್ರ ಬಾರದಿದ್ದಾಗಿನ ಮದ್ದು. ಇಲ್ಲಿ ಫ್ಯಾನೇ ತಿರುಗುತ್ತಿಲ್ಲ.

ಭಾವನಿಗೆ ಇನ್ನೊಂದು ಉಪಾಯ ಗೊತ್ತಿತ್ತು. ಎಸ್‌ಎಂಪಿಎಸ್‌ನ ದೊಡ್ಡ ಕನೆಕ್ಟರನ್ನು ಬೋರ್ಡಿನಿಂದ ಕಿತ್ತು, ಹಸಿರು ವೈರಿನ ತೂತಿಗೂ ಕಪ್ಪು ವೈರಿನ ತೂತಿಗೂ ಒಂದು ಜೆಮ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿದರೆ, ಎಸ್‌ಎಂಪಿಎಸ್ ಚೆನ್ನಾಗಿದ್ದಲ್ಲಿ ಅದರ ಫ್ಯಾನ್ ತಿರುಗುತ್ತದೆ. ಇದೂ ನಿಜವೇ, ಮೆಕ್ಯಾನಿಕ್ಕುಗಳು ಮಾಡುವುದೂ ಹಾಗೆಯೇ. ಮೇಷ್ಟ್ರು ಆಗಲೇ ಜೆಮ್ ಕ್ಲಿಪ್ ಡಬ್ಬಿ ತಂದಿದ್ದರು.

"ಕತ್ತಲಾದ ಮೇಲೆ ಮನೆಯೊಳಗೆ ಯಾರಾದ್ರೂ ವೈರು ಮುಟ್ಟಿದ್ರೆ ನೋಡಿ" ಎಂದು ಅಡುಗೆಮನೆಯಿಂದ ಮೇಷ್ಟ್ರ ಹೆಂಡತಿ ಕೂಗಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಂದು, "ಅಲ್ಲಾ, ಆಗ ಆ ಮೌಸಿನ ಹೊಟ್ಟೇಲಿ ಕೆಂಪುದೀಪ ಉರೀತಿತ್ತು. ಈಗ ಯಾಕೆ ಆರಿಹೋಗೈತೆ?" ಅಂದರು.

ಎಡಿಸನ್‌ನಲ್ಲಿ ಕೂತ ಮಗ ಹಣೆ ಚಚ್ಚಿಕೊಂಡ. ಕಂಪ್ಯೂಟರ್ ಆಫ್ ಆಗಿದ್ದರೂ ಎಸ್‌ಎಂಪಿಎಸ್ ನೇರಳೆ ವೈರಿನಲ್ಲಿ 5 ವೋಲ್ಟ್ ಕಳಿಸುತ್ತಲೇ ಇರುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಮೌಸಿನ ದೀಪ ಉರಿಯುವುದು ಅದರಿಂದಲೇ. ದೀಪವಿತ್ತು ಅಂದರೆ ಗೋಡೆಯಿಂದ ಕರೆಂಟ್ ಬರುತ್ತಿತ್ತು, ಎಸ್‌ಎಂಪಿಎಸ್‌ಗೂ ಅರ್ಧ ಜೀವವಾದರೂ ಇತ್ತು. "ಸ್ವಿಚ್ಚು ಕೆಳಗೆ ಅಪ್ಪಾಜಿ, ಕೆಳಗೆ!" ದೀಪ ಬಂತು. ಮುಂದಿನ ಬಟನ್ ಒತ್ತಿದರೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಜೋಗಿಮಟ್ಟಿಯ ಗುಡ್ಡದ ಮೇಲೆ ಅಷ್ಟು ದೊಡ್ಡ ಗಾಳಿಯಂತ್ರಗಳು ತಿರುಗುತ್ತವೆ, ನಮ್ಮನೆಯ ಅಂಗೈ ಅಗಲದ ಫ್ಯಾನಿಗೇನು ಬಂತು ದೊಡ್ಡ ರೋಗ ಎಂದು ಮೇಷ್ಟ್ರು ಸಿಡುಕಿದರು.

ಕೊನೆಗೆ ಅಕ್ಕನೇ ಚಿತ್ರದುರ್ಗದ ಕಂಪ್ಯೂಟರ್ ಅಂಗಡಿಯ ಹುಡುಗನನ್ನು ಕರೆಗೆ ಎಳೆದಳು. ಅವನು ವೈರಿನ ಬಣ್ಣ ಕೇಳಲಿಲ್ಲ, ವೋಲ್ಟೇಜ್ ಕೇಳಲಿಲ್ಲ.

"ಆಯುಧಪೂಜೆ ಜೋರಾ ಸಾರ್?"

"ಜೋರೇನು, ಎಲ್ಲರ ಮನೆ ಹಂಗೆ."

"ಅಮ್ಮ ಕುಂಕುಮ ಎಲ್ಲಿಗೆ ಹಚ್ಚಿದಾರೆ ನೋಡಿ."

ಫೋನನ್ನು ಹತ್ತಿರ ಹಿಡಿದಾಗ ನ್ಯೂಜೆರ್ಸಿಗೂ ಕಂಡಿತು. ಪವರ್ ಬಟನ್ನಿನ ಸರಿ ನಡುವೆ ಗಂಧ, ಅದರ ಮೇಲೆ ಕುಂಕುಮ. ಗಂಧ ಅಂಚಿನ ಸಂದಿಗೆ ಇಳಿದು ಒಣಗಿ, ಬಟನ್ನನ್ನು ಒಳಗೇ ಹಿಡಿದುಕೊಂಡಿತ್ತು. ಪವರ್ ಬಟನ್ ನಾಲ್ಕು ಸೆಕೆಂಡ್ ಒತ್ತಿಯೇ ಇದ್ದರೆ ಕಂಪ್ಯೂಟರ್ ತಾನಾಗಿ ಆಫ್ ಆಗುತ್ತದೆ, ಬಟನ್ ಹೊರಗೆ ಬರುವ ತನಕ ಮತ್ತೆ ಏಳುವುದಿಲ್ಲ. "ಹಬ್ಬದ ಮಾರನೇ ದಿನ ಒಂದ್ಸಲ ಬುರ್ ಅಂದು ನಿಂತಿತ್ತು" ಎಂದು ಮೇಷ್ಟ್ರು ಆಗ ನೆನಪಿಸಿಕೊಂಡರು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೀನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದೀನಲ್ಲಪ್ಪ" ಅಂದರು. ಅದೂ ಸರಿಯೇ.

ಪ್ಲಗ್ ಕಿತ್ತು, ಬಟ್ಟೆಯ ತುದಿ ಒದ್ದೆ ಮಾಡಿ ಸಂದಿ ಒರೆಸಿ, ಹೇರ್‌ಪಿನ್ನಿನಿಂದ ಮೀಟಿದಾಗ ಬಟನ್ ಟಕ್ಕೆಂದು ಹೊರಗೆ ಬಂತು. ಒರೆಸಿ ಒಣಗಿಸಿ ಪ್ಲಗ್ ಹಾಕಿ ಒತ್ತಿದರೆ ಕಂಪ್ಯೂಟರ್ ಬುರ್ ಎಂದು ಎದ್ದು ಕೂತಿತು. ಭಾಷಣ ಇದ್ದಲ್ಲೇ ಇತ್ತು. "ಫೋನಲ್ಲಿ ಹೇಳಿದ್ದಕ್ಕೆ ದುಡ್ಡೇನು ಸಾರ್, ಹಬ್ಬ ಆದಮೇಲೆ ಇಂಥವು ಬರ್ತಾನೇ ಇರ್ತವೆ" ಎಂದು ಹುಡುಗ ನಕ್ಕ.

ಮಗ ಕರೆ ಕಡಿಯುವುದರಲ್ಲಿದ್ದ. ಹಿರಿಯೂರಿನ ಭಾವ ತಡೆದರು.

"ಒಂದ್ನಿಮಿಷ ಇರಪ್ಪ. ನಮ್ಮ ವಾಷಿಂಗ್ ಮೆಷೀನೂ ಹಬ್ಬದಿಂದ ಈಚೆಗೆ ಸ್ಟಾರ್ಟ್ ಆಗ್ತಿಲ್ಲ. ಕ್ಯಾಮೆರಾ ತಿರುಗಿಸ್ತೀನಿ, ಅದರ ಬಟನ್ ಸ್ವಲ್ಪ ನೋಡ್ತೀಯಾ?"